ತುತ್ತು ಯಾರ ಕೈಯಲ್ಲಿ?

ಎಂಟು ತಿಂಗಳ ಮಗುವಿನ ಮುಂದೆ ಒಂದು ಬಟ್ಟಲು ಮೊಸರನ್ನ ಇಟ್ಟು ಸುಮ್ಮನೆ ಕೂರೋದು ನಮ್ಮಲ್ಲಿ ಎಷ್ಟು ಜನಕ್ಕೆ ಸಾಧ್ಯ? ಮಗು ಮೊದಲು ಐದೂ ಬೆರಳನ್ನು ಬಟ್ಟಲಿಗೆ ಅದ್ದುತ್ತದೆ. ಆಮೇಲೆ ಹಿಸುಕುತ್ತದೆ. ಬೆರಳ ಸಂದಿಯಿಂದ ಅನ್ನ ಹೇಗೆ ಹೊರಗೆ ಬರುತ್ತದೆ ಅಂತ ನೋಡುತ್ತದೆ. ಒಂದಿಷ್ಟು ತಲೆಗೆ, ಒಂದಿಷ್ಟು ನೆಲಕ್ಕೆ, ಏಳೆಂಟು ಅಗುಳು ಬಾಯಿಗೆ. ಅಷ್ಟರಲ್ಲಿ ಮನೆಯ ಯಾರೋ ಒಬ್ಬರಿಗೆ ತಡೆಯಲಾಗುವುದಿಲ್ಲ. "ಅಯ್ಯೋ, ಎಲ್ಲಾ ಚೆಲ್ತು, ಕೊಡಿ ಇಲ್ಲಿ" ಅಂತ ಬಟ್ಟಲು ಕಿತ್ತುಕೊಂಡು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎರಡು ನಿಮಿಷದಲ್ಲಿ ಊಟ ಮುಗಿಸಿಬಿಡುತ್ತಾರೆ. ಮಗು ಅಳುತ್ತದೆ. ಹೊಟ್ಟೆ ಮಾತ್ರ ತುಂಬಿರುತ್ತದೆ.

ಇದರಲ್ಲಿ ಯಾರದ್ದು ಸರಿ? ಇವತ್ತಿನ ತಾಯ್ತಂದೆಯರು ಈ ಪ್ರಶ್ನೆಯನ್ನು ಹೊಸದು ಅಂದುಕೊಂಡಿದ್ದಾರೆ. ಅಮೆರಿಕದಲ್ಲಿರುವ ಮಗಳ ಮನೆಗೆ ಬಾಣಂತನಕ್ಕೆ ಹೋದ ಅಜ್ಜಿ, ಅಲ್ಲಿ ಮೊಮ್ಮಗುವಿನ ಮುಂದೆ ಬೇಯಿಸಿದ ಕ್ಯಾರೆಟ್ ಕಡ್ಡಿ ಇಟ್ಟು ಮಗಳು ಕೈಕಟ್ಟಿ ಕೂತದ್ದನ್ನು ನೋಡಿ ಗಾಬರಿಯಾಗುತ್ತಾಳೆ. ಮಗಳು "ಇದು ಹೊಸ ಪದ್ಧತಿ ಅಮ್ಮ" ಅನ್ನುತ್ತಾಳೆ. ನಿಜ ಹೇಳಬೇಕೆಂದರೆ ಹೊಸದೂ ಅಲ್ಲ, ತೀರಾ ಹಳೆಯದೂ ಅಲ್ಲ. ಮಗುವಿನ ತುತ್ತು ಯಾರ ಕೈಯಲ್ಲಿರಬೇಕು ಅನ್ನುವುದಕ್ಕೆ ಒಂದು ಚರಿತ್ರೆಯೇ ಇದೆ. ಅದರಲ್ಲಿ ಗಡಿಯಾರ ಬರುತ್ತದೆ, ಡಬ್ಬಿ ಬರುತ್ತದೆ, ಅನಾಥಾಲಯ ಬರುತ್ತದೆ. ಹದಿನೈದು ಮಕ್ಕಳ ಮೇಲೆ ನಡೆದ ಒಂದು ವಿಚಿತ್ರ ಪ್ರಯೋಗವೂ ಬರುತ್ತದೆ.

ಮೊದಲು ನಮ್ಮ ಮನೆಯಿಂದಲೇ ಶುರುಮಾಡೋಣ.

ಮಗುವಿಗೆ ಮೊದಲ ಅನ್ನ ತಿನ್ನಿಸುವ ಸಂಸ್ಕಾರದ ವಿವರ ಗೃಹ್ಯಸೂತ್ರಗಳಲ್ಲೇ ಇದೆ. ಆಶ್ವಲಾಯನ ಗೃಹ್ಯಸೂತ್ರ ಆರನೇ ತಿಂಗಳು ಅನ್ನಪ್ರಾಶನ ಮಾಡಿ ಅನ್ನುತ್ತದೆ. ಏನು ತಿನ್ನಿಸಬೇಕು ಅನ್ನುವ ಪಟ್ಟಿ ಇವತ್ತಿನ ಪುರೋಹಿತರಿಗೆ ಕೊಂಚ ಮುಜುಗರ ತಂದೀತು. ಪುಷ್ಟಿ ಬೇಕೆಂದರೆ ಆಡಿನ ಮಾಂಸ, ಬ್ರಹ್ಮವರ್ಚಸ್ಸು ಬೇಕೆಂದರೆ ತಿತ್ತಿರಿ ಹಕ್ಕಿಯ ಮಾಂಸ, ತೇಜಸ್ಸಿಗೆ ತುಪ್ಪದ ಅನ್ನ. ಆಯುರ್ವೇದದಲ್ಲಿ ಮಕ್ಕಳ ವಿಷಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆ ಇನ್ನೂ ನಿಧಾನ. ಆರನೇ ತಿಂಗಳಿಗೆ ಹಣ್ಣು, ಹತ್ತನೇ ತಿಂಗಳಿಗೆ ಧಾನ್ಯ. ಯಾವಾಗ ಮತ್ತು ಏನು ಅನ್ನುವುದರ ಬಗ್ಗೆ ನಮ್ಮ ಹಿರಿಯರು ಸಾಕಷ್ಟು ತಲೆ ಕೆಡಿಸಿಕೊಂಡಿದ್ದರು ಅನ್ನುವುದು ಇದರಿಂದ ಗೊತ್ತಾಗುತ್ತದೆ. ತಿನ್ನುವವರು ಯಾರು ಅನ್ನುವುದರಲ್ಲಿ ಮಾತ್ರ ಅನುಮಾನವೇ ಇಲ್ಲ. ತಿನ್ನಿಸುವವರು ದೊಡ್ಡವರು.

ಇಲ್ಲೊಂದು ತಮಾಷೆ ಇದೆ. ಅನ್ನಪ್ರಾಶನದ ದಿನವೇ ಹಲವು ಕಡೆ ಜೀವಿಕಾ ಪರೀಕ್ಷೆ ಅಂತ ಮಾಡುತ್ತಾರೆ. ಮಗುವಿನ ಮುಂದೆ ಪುಸ್ತಕ, ಪೆನ್ನು, ಚಿನ್ನ, ಆಯುಧ ಇಡುತ್ತಾರೆ. ಅದು ಯಾವುದನ್ನು ಮೊದಲು ಮುಟ್ಟುತ್ತದೋ ಅದೇ ಅದರ ಮುಂದಿನ ಬದುಕಂತೆ. ಇಡೀ ಜೀವನದ ಉದ್ಯೋಗವನ್ನು ಆರಿಸಿಕೋ ಅಂತ ಆರು ತಿಂಗಳ ಮಗುವಿಗೆ ಬಿಡುವ ನಾವು, ಒಂದು ತುತ್ತು ಪಾಯಸವನ್ನು ಆರಿಸಿಕೊಳ್ಳುವುದಕ್ಕೆ ಬಿಡುವುದಿಲ್ಲ!

ಅನ್ನಪ್ರಾಶನಕ್ಕೆ ಮುಂಚೆ ಒಳಲೆ. ಈಗಿನ ಮಕ್ಕಳಿಗೆ ಹೆಸರೇ ಮರೆತುಹೋಗಿದೆ. ಮೂತಿ ಇರುವ ಪುಟ್ಟ ಬೆಳ್ಳಿಯ ಅಥವಾ ಹಿತ್ತಾಳೆಯ ಪಾತ್ರೆ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಒಳಲೆಯಿಂದ ಹಾಲನ್ನೋ ರಾಗಿ ಸರಿಯನ್ನೋ ಹುಯ್ಯುವುದು ಒಂದು ಕಲೆ. ಅದಾದ ಮೇಲೆ ಕೈತುತ್ತು. ಕಾಗೆಗೊಂದು, ಗುಬ್ಬಿಗೊಂದು, ಚಂದಮಾಮನಿಗೊಂದು ಅಂತ ಆಕಾಶದ ಪ್ರಾಣಿಪಕ್ಷಿಗಳೆಲ್ಲ ಆ ಊಟದಲ್ಲಿ ಪಾಲುದಾರರು. ಕೈತುತ್ತು ಅನ್ನುವ ಮಾತಿನಲ್ಲೇ ಕನ್ನಡಿಗರಿಗೆ ಅಮ್ಮ ಕಾಣುತ್ತಾಳೆ. ಅದನ್ನು ತಪ್ಪು ಅನ್ನಲು ಯಾರಿಗೂ ಮನಸ್ಸು ಬರಲಾರದು. ನನಗೂ ಬರುವುದಿಲ್ಲ.

ಆದರೆ ಕೈತುತ್ತಿನ ಹಿಂದೆ ಪ್ರೀತಿ ಒಂದೇ ಇರಲಿಲ್ಲ. ಎಂಜಲು, ಮುಸುರೆ ಅನ್ನುವ ಲೆಕ್ಕಾಚಾರವೂ ಇತ್ತು. ಬೆಂದ ಅನ್ನ ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ಮುಟ್ಟಬಾರದು ಅನ್ನುವ ಮನೆಯಲ್ಲಿ, ಹತ್ತು ತಿಂಗಳ ಮಗು ಅನ್ನದ ಕೈಯಲ್ಲಿ ಅಂಬೆಗಾಲಿಟ್ಟು ಹೊರಟರೆ ಇಡೀ ಮನೆ ಮುಸುರೆ. ಎಡಗೈ ಬೇರೆ. ಮಗುವಿಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ. ಹತ್ತಿರವಿರುವ ಕೈಯನ್ನು ಬಟ್ಟಲಿಗೆ ಹಾಕುತ್ತದೆ, ಪೆಟ್ಟು ತಿನ್ನುತ್ತದೆ. ಇನ್ನು ಅನ್ನ ಅಂದರೆ ದೇವರು, ಚೆಲ್ಲಬಾರದು. ಬರಗಾಲಗಳನ್ನು ಕಂಡ ನಾಡಿನಲ್ಲಿ ಇದು ಬರೀ ಮಡಿಯ ಮಾತಲ್ಲ. ಒಂದು ಹಿಡಿ ಅಕ್ಕಿಯ ಬೆಲೆ ಗೊತ್ತಿದ್ದವರ ಮಾತು.

ಇದಕ್ಕೆ ಪೂರ್ತಿ ವಿರುದ್ಧವಾಗಿ ನಮಗೊಬ್ಬ ದೇವರೂ ಇದ್ದಾನೆ. ಉಡುಪಿಯಲ್ಲಿ ನಿಂತಿರುವವನು ಕಡೆಗೋಲು, ಹಗ್ಗ ಹಿಡಿದ ಬಾಲಕೃಷ್ಣ. ಅಮ್ಮ ಮೊಸರು ಕಡೆಯುವಾಗಲೇ ಕೈ ಹಾಕಿದವನು. ಗೋಡೆಯ ಕ್ಯಾಲೆಂಡರಿನಲ್ಲಿ ಅವನ ಬಾಯಿ ಕೈ ಎಲ್ಲ ಬೆಣ್ಣೆ, ಮಡಕೆ ಒಡೆದಿದೆ, ನೆಲ ರಾಡಿ. ಆ ಚಿತ್ರಕ್ಕೆ ಕೈಮುಗಿದು ಈ ಕಡೆ ತಿರುಗಿ ನಮ್ಮ ಮಗುವಿನ ಕೈಯನ್ನು ಒರೆಸುತ್ತೇವೆ.

ಈಗ ಯುರೋಪಿಗೆ ಬನ್ನಿ. ಅಲ್ಲಿಯೂ ದೊಡ್ಡವರು ಬಹಳ ಕಾಲ ಕೈಯಲ್ಲೇ ಉಣ್ಣುತ್ತಿದ್ದವರು. 1530ರಲ್ಲಿ ಎರಾಸ್ಮಸ್ ಅನ್ನುವ ಡಚ್ ವಿದ್ವಾಂಸ ಹುಡುಗರ ನಡವಳಿಕೆಯ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಕೂತ ತಕ್ಷಣ ತಟ್ಟೆಗೆ ಕೈ ಹಾಕಬೇಡ, ಜಿಡ್ಡಾದ ಬೆರಳನ್ನು ನೆಕ್ಕಬೇಡ, ಅಂಗಿಗೆ ಒರೆಸಬೇಡ, ಬಟ್ಟೆಗೆ ಒರೆಸು ಅನ್ನುವ ಥರದ ಪಾಠಗಳು. ಆ ಪುಸ್ತಕ ಯುರೋಪಿನಾದ್ಯಂತ ಮತ್ತೆ ಮತ್ತೆ ಅಚ್ಚಾಯಿತು. ನಾನೂರು ವರ್ಷಗಳ ನಂತರ, 1939ರಲ್ಲಿ, ನಾರ್ಬರ್ಟ್ ಎಲಿಯಾಸ್ ಅನ್ನುವ ಸಮಾಜಶಾಸ್ತ್ರಜ್ಞ ಇಂಥ ಪುಸ್ತಕಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಒಂದು ಸಂಗತಿ ತೋರಿಸಿದ. ಕಾಲ ಕಳೆದಂತೆ ಊಟದ ಮೇಜಿನ ಅಸಹ್ಯಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಮೊದಲು ದೊಡ್ಡವರಿಗೇ ಕಲಿಸಬೇಕಾಗಿದ್ದ ಪಾಠ, ಆಮೇಲೆ ಮಕ್ಕಳಿಗೆ ಮಾತ್ರ ಕಲಿಸಬೇಕಾದ ಪಾಠವಾಗುತ್ತದೆ. ಅಂದರೆ ದೊಡ್ಡವರು ನಯವಾದಷ್ಟೂ ಮಗು ಅವರ ಕಣ್ಣಿಗೆ ಹೆಚ್ಚು ಗಲೀಜಾಗಿ ಕಾಣುತ್ತಾ ಹೋಯಿತು. ಮಗು ಬದಲಾಗಲಿಲ್ಲ, ಮೇಜು ಬದಲಾಯಿತು.

19ನೇ ಶತಮಾನದ ಕೊನೆಗೆ ಮಗುವಿನ ಊಟದ ಉಸ್ತುವಾರಿ ಅಜ್ಜಿಯ ಕೈಯಿಂದ ಡಾಕ್ಟರ ಕೈಗೆ ಹೋಯಿತು. 1894ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಎಮ್ಮೆಟ್ ಹೋಲ್ಟ್ ತಾಯಂದಿರಿಗೂ ದಾದಿಯರಿಗೂ ಒಂದು ಪ್ರಶ್ನೋತ್ತರದ ಕೈಪಿಡಿ ಬರೆದ. ಎಷ್ಟು ಗಂಟೆಗೆ ಕೊಡಬೇಕು, ಎಷ್ಟು ಔನ್ಸ್ ಕೊಡಬೇಕು ಅನ್ನುವ ಲೆಕ್ಕ. ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ ಇನ್ನೂ ಕಟ್ಟುನಿಟ್ಟು. 1907ರಲ್ಲಿ ಡ್ಯುನೆಡಿನ್ ಊರಿನಲ್ಲಿ ಪ್ಲಂಕೆಟ್ ಸೊಸೈಟಿ ಶುರುಮಾಡಿ, ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಏನೂ ಇಲ್ಲ ಅನ್ನುವ ನಿಯಮವನ್ನು ಇಡೀ ಬ್ರಿಟಿಷ್ ಸಾಮ್ರಾಜ್ಯಕ್ಕೆ ಹಂಚಿದ. ಡ್ಯುನೆಡಿನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. 1928ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳನ್ನು ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಅಂದ!

ಇವರನ್ನು ಬರೀ ಕಟುಕರು ಅಂದುಕೊಳ್ಳಬಾರದು. ಕೊಳಕು ಹಾಲು, ಕೊಳಕು ಬಾಟಲಿಯಿಂದ ಬೇಸಿಗೆಯ ಭೇದಿಗೆ ನಗರಗಳಲ್ಲಿ ಕೂಸುಗಳು ಗುಂಪುಗುಂಪಾಗಿ ಸಾಯುತ್ತಿದ್ದ ಕಾಲ ಅದು. ಶುಚಿ ಮತ್ತು ಶಿಸ್ತು ಜೀವ ಉಳಿಸುತ್ತಿದ್ದವು. ಆದರೆ ಶಿಸ್ತಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗಲಿಲ್ಲ. ಪಟ್ಟಿಯ ಪ್ರಕಾರ ಇಷ್ಟು ಔನ್ಸ್ ಪಾಲಕ್ ತಿನ್ನಬೇಕು ಅಂದರೆ ತಿನ್ನಲೇಬೇಕು. ಹೀಗಾಗಿ 1920ರ ದಶಕದ ಅಮೆರಿಕದಲ್ಲಿ ಡಾಕ್ಟರ ಬಳಿ ಬರುತ್ತಿದ್ದ ತಾಯಂದಿರ ದೊಡ್ಡ ದೂರು ಒಂದೇ. ನಮ್ಮ ಮಗು ಊಟ ಮಾಡ್ತಿಲ್ಲ. ಕೇಳಿದ ಹಾಗಿದೆ ಅಲ್ವಾ?

ಅದೇ ಹೊತ್ತಿಗೆ ಡಬ್ಬಿ ಬಂತು. 1928ರಲ್ಲಿ ಮಿಶಿಗನ್ ರಾಜ್ಯದ ಫ್ರೀಮಾಂಟ್ ಊರಿನ ಗರ್ಬರ್ ಕುಟುಂಬದ ಕಾರ್ಖಾನೆ ಬಟಾಣಿ, ಕ್ಯಾರೆಟ್, ಪಾಲಕ್ ಎಲ್ಲವನ್ನೂ ನುಣ್ಣಗೆ ಸೋಸಿ ಡಬ್ಬಿಗೆ ತುಂಬಿ ಮಾರಲು ಶುರುಮಾಡಿತು. ಮನೆಯಲ್ಲಿ ಸೋಸುವ ಕಷ್ಟ ತಪ್ಪಿತು, ತಾಯಂದಿರಿಗೆ ಅನುಕೂಲವಾಯಿತು. ಜೊತೆಗೆ ಇನ್ನೊಂದು ಬದಲಾವಣೆ. ಮೆತ್ತಗಿನದ್ದು ಸಿದ್ಧವಾಗಿ ಸಿಕ್ಕಾಗ ಮಕ್ಕಳಿಗೆ ಅದನ್ನು ಕೊಡುವ ವಯಸ್ಸು ಇಳಿಯುತ್ತಾ ಹೋಯಿತು. ಆರು ತಿಂಗಳು ನಾಲ್ಕಾಯಿತು, ನಾಲ್ಕು ಎರಡಾಯಿತು. 1950ರ ದಶಕದಲ್ಲಿ ಫ್ಲಾರಿಡಾದ ಸ್ಯಾಕೆಟ್ ಅನ್ನುವ ಡಾಕ್ಟರು ಹುಟ್ಟಿದ ಕೆಲವೇ ದಿನಗಳಲ್ಲಿ ಧಾನ್ಯದ ಗಂಜಿ ಕೊಡಿ ಅನ್ನುವವರೆಗೂ ಹೋದರು. ಇಲ್ಲಿ ಒಂದು ಸರಳ ಸತ್ಯ ಗಮನಿಸಿ. ಎರಡು ತಿಂಗಳ ಮಗುವಿಗೆ ಕತ್ತು ನಿಲ್ಲುವುದಿಲ್ಲ, ಕೂರಲು ಬರುವುದಿಲ್ಲ, ಕೈ ಬಾಯಿಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕೆ ಕೊಡಬೇಕೆಂದರೆ ಊಟ ನೀರಾಗಿರಬೇಕು, ಚಮಚ ದೊಡ್ಡವರ ಕೈಯಲ್ಲಿರಬೇಕು. ಊಟ ಶುರುಮಾಡುವ ವಯಸ್ಸು ತಪ್ಪಿದ್ದರಿಂದ ಚಮಚದ ರಾಜ್ಯಭಾರ ಬಂತು. ಮುಂದೆ ವಯಸ್ಸು ಸರಿಹೋದ ಮೇಲೂ ಚಮಚ ಕುರ್ಚಿ ಬಿಡಲಿಲ್ಲ.

ಇಂಥ ಕಾಲದಲ್ಲಿ, 1926ರಲ್ಲಿ, ಕ್ಲಾರಾ ಡೇವಿಸ್ ಅನ್ನುವ ಮಕ್ಕಳ ವೈದ್ಯೆಗೆ ಒಂದು ಯೋಚನೆ ಬಂತು. ಮಗುವನ್ನು ಅದರ ಪಾಡಿಗೆ ಬಿಟ್ಟರೆ ಅದು ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ? ಕೇಳುವುದಕ್ಕೆ ಮಕ್ಕಳಾಟದ ಪ್ರಶ್ನೆ. ಆದರೆ ಅದುವರೆಗೆ ಯಾರೂ ಅದನ್ನು ಅಳೆದು ನೋಡಿರಲಿಲ್ಲ. ಕ್ಲೀವ್‌ಲೆಂಡಿನ ಒಂದು ಆಸ್ಪತ್ರೆಯಲ್ಲಿ ಆಗಷ್ಟೇ ಹಾಲು ಬಿಟ್ಟ ಮೂರು ಮಕ್ಕಳಿಂದ ಶುರುಮಾಡಿದಳು. ಮುಂದೆ ಶಿಕಾಗೋದಲ್ಲಿ ಅದು ಹದಿನೈದು ಮಕ್ಕಳಿಗೆ ಬೆಳೆಯಿತು. ಶುರುವಿನಲ್ಲಿ ವಯಸ್ಸು ಆರರಿಂದ ಹನ್ನೊಂದು ತಿಂಗಳು. ಸಾಕಲು ಕೈಲಾಗದ ಬಡ ತಾಯಂದಿರ ಮಕ್ಕಳು. ಕೆಲವಕ್ಕೆ ತೂಕ ಸಾಲದು, ಕೆಲವಕ್ಕೆ ರಿಕೆಟ್ಸ್, ಅಂದರೆ ಡಿ ವಿಟಮಿನ್ ಸಾಲದೆ ಮೂಳೆ ಸೊಟ್ಟಗಾಗುವ ರೋಗ. ಈ ಮಕ್ಕಳು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ಆ ಪ್ರಯೋಗದ ಮನೆಯಲ್ಲೇ ಬೆಳೆದರು. ಇವತ್ತು ಯಾವ ನೈತಿಕ ಸಮಿತಿಯೂ ಇದಕ್ಕೆ ಸಹಿ ಹಾಕಲಾರದು. ಈ ಮಾತನ್ನು ಪಕ್ಕಕ್ಕಿಟ್ಟು ಮುಂದೆ ಹೋಗುವುದು ಸರಿಯಲ್ಲ, ಅದಕ್ಕೇ ಹೇಳಿದೆ.

ಊಟದ ವ್ಯವಸ್ಥೆ ಹೀಗಿತ್ತು. ಒಟ್ಟು ಮೂವತ್ತಕ್ಕೂ ಹೆಚ್ಚು ಪದಾರ್ಥಗಳ ಪಟ್ಟಿ. ಹಾಲು, ಹುಳಿ ಹಾಲು, ಮೊಟ್ಟೆ, ಗೋಧಿ, ಓಟ್ಸ್, ಬಾರ್ಲಿ, ಜೋಳದ ಹಿಟ್ಟು, ದನದ ಮಾಂಸ, ಕುರಿ, ಕೋಳಿ, ಮೀನು, ಈಲಿ, ಮೂತ್ರಪಿಂಡ, ಮಿದುಳು, ಮೂಳೆಯ ಮಜ್ಜೆ, ಬೀಟ್‌ರೂಟ್, ಕ್ಯಾರೆಟ್, ಬಟಾಣಿ, ಎಲೆಕೋಸು, ಆಲೂಗಡ್ಡೆ, ಪಾಲಕ್, ಸೇಬು, ಕಿತ್ತಳೆ, ಬಾಳೆಹಣ್ಣು, ಅನಾನಸ್. ಉಪ್ಪು ಬೇರೆ ಬಟ್ಟಲಲ್ಲಿ. ಸಕ್ಕರೆ ಇಲ್ಲ, ಡಬ್ಬಿಯ ಪದಾರ್ಥ ಇಲ್ಲ, ಬೆರಕೆ ಅಡುಗೆ ಇಲ್ಲ. ಪ್ರತಿ ಊಟಕ್ಕೂ ಇದರಲ್ಲಿ ಹಲವನ್ನು ಬೇರೆ ಬೇರೆ ಬಟ್ಟಲಲ್ಲಿ ತಟ್ಟೆಗೆ ಜೋಡಿಸಿ ಮಗುವಿನ ಮುಂದೆ ಇಡುತ್ತಿದ್ದರು. ದಾದಿ ಪಕ್ಕದಲ್ಲಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಕೈ ಚಾಚಿದರೆ ಅಥವಾ ತೋರಿಸಿದರೆ ಮಾತ್ರ ಆ ಬಟ್ಟಲಿನಿಂದ ಒಂದು ಚಮಚ ಎತ್ತಿ ಹಿಡಿಯಬಹುದು. ಅದೂ ಮಗು ಬಾಯಿ ತೆರೆದರೆ ಮಾತ್ರ ಬಾಯಿಗೆ. ಶಾಭಾಷ್ ಅನ್ನುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ, ಬಿಟ್ಟದ್ದನ್ನು ತಿನ್ನು ಅನ್ನುವಂತಿಲ್ಲ. ಮಗು ಕೈ ಹಾಕಿ ತಿಂದರೆ ತಡೆಯುವಂತಿಲ್ಲ, ನೀಟಾಗಿ ತಿನ್ನು ಅಂತ ತಿದ್ದುವಂತಿಲ್ಲ. ಊಟ ಆದ ಮೇಲೆ ಉಳಿದದ್ದನ್ನು, ಚೆಲ್ಲಿದ್ದನ್ನು ತೂಗಿ ಬರೆದಿಡಬೇಕು. ಆ ದಾದಿಯರಿಗೆ ಎಷ್ಟು ಕಷ್ಟವಾಗಿರಬೇಕು ಅಂತ ಒಂದು ಸಲ ಯೋಚಿಸಿ. ನಮ್ಮಲ್ಲಿ ಯಾರನ್ನಾದರೂ ಐದು ನಿಮಿಷ ಹಾಗೆ ಕೂರಿಸಿ ನೋಡಬೇಕು.

ಮೊದಮೊದಲು ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕಿ ನೋಡಿದವು. ಚಮಚ, ಬಟ್ಟಲು, ತಟ್ಟೆಯ ಅಂಚು ಕೂಡ. ಕೆಲವನ್ನು ಉಗುಳಿದವು. ಕೆಲವೇ ದಿನಗಳಲ್ಲಿ ಪ್ರತಿ ಮಗುವಿಗೂ ತನ್ನದೇ ರುಚಿ ಬಂತು. ಎರಡು ಮಕ್ಕಳ ಊಟ ಒಂದೇ ಥರ ಇರಲಿಲ್ಲ. ಒಂದು ಮಗುವಿನ ಬೆಳಗಿನ ಉಪಾಹಾರ ಕಿತ್ತಳೆ ರಸ ಮತ್ತು ಈಲಿ. ಇನ್ನೊಂದರ ರಾತ್ರಿ ಊಟ ಹಲವು ಮೊಟ್ಟೆ, ಬಾಳೆಹಣ್ಣು, ಹಾಲು. ಉಪ್ಪನ್ನು ಬಾಯಿಗೆ ಹಾಕಿಕೊಂಡು ಕೆಮ್ಮಿ, ಅತ್ತು, ಮತ್ತೆ ಹೋಗಿ ಅದನ್ನೇ ತಿಂದ ಮಕ್ಕಳೂ ಇದ್ದವು. ಒಂದೊಂದು ಊಟ ನೋಡಿದರೆ ಯಾವ ಆಹಾರತಜ್ಞರಿಗೂ ತಲೆ ತಿರುಗಬೇಕು. ಆದರೆ ತಿಂಗಳುಗಳ ಲೆಕ್ಕ ಕೂಡಿಸಿದಾಗ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದಿದ್ದವು. ಬಡಕಲಾಗಿದ್ದವು ತುಂಬಿಕೊಂಡವು. ರಿಕೆಟ್ಸ್ ಇದ್ದ ಅರ್ಲ್ ಅನ್ನುವ ಮಗುವಿನ ತಟ್ಟೆಯಲ್ಲಿ ಮೀನೆಣ್ಣೆಯ ಲೋಟವನ್ನೂ ಇಟ್ಟಿದ್ದರು. ಬಲವಂತ ಇಲ್ಲ. ಅವನು ಕೆಲವು ದಿನ ಕುಡಿದ, ಕೆಲವು ದಿನ ಬಿಟ್ಟ. ರೋಗ ವಾಸಿಯಾದ ಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಈ ಕಥೆ ಇಷ್ಟಕ್ಕೇ ನಿಂತಿದ್ದರೆ 'ಮಗುವಿನ ದೇಹಕ್ಕೆ ಎಲ್ಲ ಗೊತ್ತು' ಅನ್ನುವ ನೀತಿಕಥೆಯಾಗುತ್ತಿತ್ತು. ಎಷ್ಟೋ ಜನ ಹಾಗೇ ಹೇಳಿಕೊಂಡು ಬಂದಿದ್ದಾರೆ ಕೂಡ. ಆದರೆ ಡೇವಿಸ್ ಹಾಗೆ ಹೇಳಲಿಲ್ಲ. 1939ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ತನ್ನ ಫಲಿತಾಂಶ ಪ್ರಕಟಿಸಿದಾಗ ಅವಳೇ ಗುಟ್ಟು ಬಿಟ್ಟುಕೊಟ್ಟಳು. ಕೈಚಳಕ ಇದ್ದದ್ದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಇದ್ದದ್ದೆಲ್ಲ ಒಳ್ಳೆಯ, ತಾಜಾ ಪದಾರ್ಥ. ಮಗು ಯಾವುದನ್ನು ಆರಿಸಿದರೂ ತೀರಾ ತಪ್ಪಾಗುವಂತೆಯೇ ಇರಲಿಲ್ಲ. ಏನು ಇಡಬೇಕು ಅನ್ನುವುದನ್ನು ದೊಡ್ಡವರೇ ನಿರ್ಧರಿಸಿದ್ದರು, ಎಷ್ಟು ತಿನ್ನಬೇಕು ಅನ್ನುವುದು ಮಾತ್ರ ಮಗುವಿನ ಪಾಲಿನದು. ಮುಂದಿನ ಹಂತದಲ್ಲಿ ಸಕ್ಕರೆ, ಬಿಳಿ ಹಿಟ್ಟಿನಂಥ ಸಂಸ್ಕರಿಸಿದ ತಿಂಡಿಗಳನ್ನೂ ಇಟ್ಟು ನೋಡಬೇಕು ಅಂತ ಅವಳಿಗೆ ಆಸೆ ಇತ್ತು. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂತು, ಹಣ ನಿಂತಿತು. ಆ ಎರಡನೇ ಪ್ರಯೋಗ ನಡೆಯಲೇ ಇಲ್ಲ. ಈಗ ಅದು ಪ್ರತಿ ಊರಿನ ಬೇಕರಿಯ ಮುಂದೆ, ಪ್ರತಿ ಮನೆಯ ಬಿಸ್ಕತ್ತಿನ ಡಬ್ಬಿಯ ಸುತ್ತ ತಾನೇ ನಡೆಯುತ್ತಿದೆ ಅನ್ನಬಹುದು.

ಡೇವಿಸ್ ಮರೆತುಹೋದಳು. ಅವಳ ಮಾತು ಉಳಿದದ್ದು ಇನ್ನೊಬ್ಬರ ಪುಸ್ತಕದಲ್ಲಿ. 1946ರಲ್ಲಿ ಬೆಂಜಮಿನ್ ಸ್ಪಾಕ್ ಬರೆದ ಮಕ್ಕಳ ಪಾಲನೆಯ ಪುಸ್ತಕ ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರಾಟವಾಯಿತು. ಅದರಲ್ಲಿ ಡೇವಿಸಳ ಪ್ರಯೋಗವನ್ನು ವಿವರವಾಗಿ ಹೇಳಿದ. ವರ್ಷ ತುಂಬುವ ಹೊತ್ತಿಗೆ ಮಗುವಿಗೆ ತಾನೇ ತಿನ್ನುವ ಹಂಬಲ ಬರುತ್ತದೆ, ಆಗ ಬಿಡಿ, ಗಲೀಜು ಆದರೆ ಆಗಲಿ ಅಂದ. ಆಗ ಬಿಡದೆ ಎರಡು ವರ್ಷಕ್ಕೆ 'ಇನ್ನು ನೀನೇ ತಿನ್ನು' ಅಂದರೆ ಮಗುವಿಗೆ ಅದರ ಉಮೇದು ಇಳಿದಿರುತ್ತದೆ ಅನ್ನುವುದು ಅವನ ವಾದ. ನಾಲ್ಕು ವರ್ಷದ ಮಕ್ಕಳ ಹಿಂದೆ ತಟ್ಟೆ ಹಿಡಿದು ಮಹಡಿ ಹತ್ತಿ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ 1946ರಲ್ಲಿ, ಯುದ್ಧದಲ್ಲಿ ಜರ್ಜರಿತವಾದ ಬುಡಾಪೆಸ್ಟಿನ ಲೋಟ್ಸಿ ರಸ್ತೆಯಲ್ಲಿ, ಎಮ್ಮಿ ಪಿಕ್ಲರ್ ಅನ್ನುವ ವೈದ್ಯೆ ತಬ್ಬಲಿ ಕೂಸುಗಳ ಆಶ್ರಮ ತೆರೆದಳು. ಅನಾಥಾಲಯ ಅಂದರೆ ಒಬ್ಬ ದಾದಿಗೆ ಹಲವು ಮಕ್ಕಳು. ಸಾಲಾಗಿ ಕೂರಿಸಿ ಬೇಗ ಬೇಗ ಬಾಯಿಗೆ ತುರುಕಿ ಮುಗಿಸುವುದೇ ಎಲ್ಲ ಕಡೆ ರೂಢಿ. ಪಿಕ್ಲರ್ ಅದನ್ನು ತಿರುಗಿಸಿದಳು. ಒಂದೊಂದೇ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಉಣಿಸಬೇಕು, ಮಗು ಸಾಕು ಅಂದ ಮೇಲೆ ಒಂದೇ ಒಂದು ಚಮಚವೂ ಹೆಚ್ಚು ಕೊಡಬಾರದು. ತಾನೇ ಕೂತು ಏಳಲು ಬಂದ ಮೇಲೆ ಪುಟ್ಟ ಮೇಜಿನ ಮುಂದೆ ತಾನೇ ಉಣ್ಣಲಿ. ನನಗೆ ಇದು ಡೇವಿಸಳ ಪ್ರಯೋಗಕ್ಕಿಂತ ಹೆಚ್ಚು ಹಿಡಿಸುತ್ತದೆ. ಇಲ್ಲಿ ದಾದಿ ಕಲ್ಲಿನಂತೆ ಕೂರಬೇಕಿಲ್ಲ, ಮಾತಾಡಬಹುದು, ನಗಬಹುದು. ಕೈತುತ್ತೂ ಇದೆ, ಮಗುವಿನ 'ಬೇಡ' ಅನ್ನುವ ಮಾತಿಗೆ ಬೆಲೆಯೂ ಇದೆ. ಎರಡೂ ಒಟ್ಟಿಗೆ ಸಾಧ್ಯ ಅಂತ ತೋರಿಸಿದ್ದು ತಾಯಿಯೇ ಇಲ್ಲದ ಮಕ್ಕಳ ಮನೆಯಲ್ಲಿ.

ಈಗಿನ ಸುದ್ದಿಗೆ ಬರೋಣ. 2001ರಲ್ಲಿ ವಿಶ್ವ ಆರೋಗ್ಯ ಸಭೆ, ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಅಂತ ಸ್ಪಷ್ಟವಾಗಿ ಹೇಳಿತು. ಅಲ್ಲಿಗೆ ಚಮಚದ ಕುರ್ಚಿ ಅಲುಗಾಡಿತು. ಆರು ತಿಂಗಳಿಗೆ ಹೆಚ್ಚಿನ ಮಕ್ಕಳು ಆಸರೆಯಲ್ಲಿ ಕೂರುತ್ತವೆ, ಹಿಡಿಯುತ್ತವೆ, ಬಾಯಿಗೆ ಒಯ್ಯುತ್ತವೆ. ಹಾಗಿದ್ದ ಮೇಲೆ ನುಣ್ಣಗೆ ಅರೆದದ್ದನ್ನು ನಾವೇಕೆ ತುಂಬಿಸಬೇಕು ಅಂತ ಇಂಗ್ಲೆಂಡಿನ ಗಿಲ್ ರ್‍ಯಾಪ್ಲಿ ಕೇಳಿದರು. ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವ ಆರೋಗ್ಯ ಸಂದರ್ಶಕಿಯಾಗಿದ್ದವರು ಅವರು. 2008ರಲ್ಲಿ ಬಂದ ಅವರ ಪುಸ್ತಕದಿಂದ 'ಬೇಬಿ-ಲೆಡ್ ವೀನಿಂಗ್' ಅನ್ನುವ ಹೆಸರು ಮನೆಮಾತಾಯಿತು.

ಹೆಸರು ದೊಡ್ಡದಾದಂತೆ ಭಯವೂ ದೊಡ್ಡದಾಯಿತು. ಗಂಟಲಿಗೆ ಸಿಕ್ಕಿಕೊಂಡರೆ? ಕಬ್ಬಿಣಾಂಶ ಸಾಲದಿದ್ದರೆ? ಇದನ್ನು ಪರೀಕ್ಷಿಸಿದ್ದು ಎಲ್ಲಿ ಗೊತ್ತೆ? ಅದೇ ಡ್ಯುನೆಡಿನ್‌ನಲ್ಲಿ. ನಾಲ್ಕು ಗಂಟೆಯ ಗಡಿಯಾರ ಹೊರಟ ಊರಿನಲ್ಲೇ, ಒಟಾಗೋ ವಿಶ್ವವಿದ್ಯಾಲಯದವರು ಸುಮಾರು 200 ತಾಯಂದಿರನ್ನು ಸೇರಿಸಿ ಅಧ್ಯಯನ ಮಾಡಿದರು. ಅರ್ಧ ಜನಕ್ಕೆ ಮಾಮೂಲಿ ಸಲಹೆ. ಉಳಿದರ್ಧಕ್ಕೆ ಮಗು ತಾನೇ ತಿನ್ನಲಿ, ಆದರೆ ಗಂಟಲಿಗೆ ಸಿಗುವಂಥದ್ದು ಬೇಡ, ಕಬ್ಬಿಣಾಂಶದ ಪದಾರ್ಥ ಪ್ರತಿ ಊಟದಲ್ಲೂ ಇರಲಿ ಅನ್ನುವ ಸಲಹೆ. 2016 ಮತ್ತು 2017ರಲ್ಲಿ ಫಲಿತಾಂಶ ಬಂತು. ಆರರಿಂದ ಎಂಟು ತಿಂಗಳ ನಡುವೆ 35% ಮಕ್ಕಳಿಗೆ ಒಮ್ಮೆಯಾದರೂ ಗಂಟಲಿಗೆ ಸಿಕ್ಕಿಕೊಂಡಿತ್ತು. ಆದರೆ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಅಂದರೆ ಚಮಚದಿಂದ ತಿನ್ನಿಸಿದರೆ ಭಯವಿಲ್ಲ ಅನ್ನುವುದು ನಮ್ಮ ಸಮಾಧಾನ ಅಷ್ಟೇ. ಇನ್ನೊಂದು ಕಡೆ, ತಾನೇ ತಿಂದ ಮಕ್ಕಳು ದೊಡ್ಡವರಾದ ಮೇಲೆ ದಪ್ಪಗಾಗುವುದಿಲ್ಲ ಅಂತ ಅದರ ಭಕ್ತರು ಹೇಳುತ್ತಿದ್ದರಲ್ಲ, ಅದೂ ನಿಲ್ಲಲಿಲ್ಲ. ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದು ಪವಾಡವೂ ಅಲ್ಲ, ಅಪಾಯವೂ ಅಲ್ಲ.

ಹಾಗಾದರೆ ಇಷ್ಟೆಲ್ಲ ರಾಡಿ ಯಾಕೆ ಸಹಿಸಬೇಕು? ಇದಕ್ಕೆ ಎರಡು ಸಣ್ಣ ಅಧ್ಯಯನಗಳ ಉತ್ತರ ಚೆನ್ನಾಗಿದೆ. 1991ರಲ್ಲಿ ಲಿಯಾನ್ ಬರ್ಚ್ ಮತ್ತು ಜೊತೆಗಾರರು ಎರಡರಿಂದ ಐದು ವರ್ಷದ 15 ಮಕ್ಕಳ ಊಟವನ್ನು ಅಳೆದರು. ಡೇವಿಸಳಿಗೂ 15, ಇವರಿಗೂ 15. ಒಂದೊಂದು ಊಟದ ಪ್ರಮಾಣ ಸರಾಸರಿಯಿಂದ ಮೂರನೇ ಒಂದು ಭಾಗದಷ್ಟು ಏರುಪೇರು. ಆದರೆ ಇಡೀ ದಿನದ ಲೆಕ್ಕ ತೆಗೆದರೆ ಏರುಪೇರು ಹತ್ತನೇ ಒಂದು ಭಾಗ ಮಾತ್ರ. ಮಧ್ಯಾಹ್ನ ಬಿಟ್ಟದ್ದನ್ನು ಮಗು ಸಂಜೆ ತಾನೇ ಸರಿದೂಗಿಸುತ್ತದೆ. ಅಮ್ಮ ಲೆಕ್ಕ ಹಾಕುವುದು ತಟ್ಟೆಯಿಂದ ತಟ್ಟೆಗೆ, ಮಗು ಲೆಕ್ಕ ಹಾಕುವುದು ದಿನದಿಂದ ದಿನಕ್ಕೆ. ಇನ್ನೊಂದು 2013ರದ್ದು, ಅಯೋವಾ ವಿಶ್ವವಿದ್ಯಾಲಯದ್ದು. 16 ತಿಂಗಳ ಮಕ್ಕಳ ಮುಂದೆ ಸೂಪು, ಜ್ಯೂಸು, ಪುಡಿಂಗ್ ಥರದ 14 ಪದಾರ್ಥ ಇಟ್ಟು ಸುಳ್ಳು ಸುಳ್ಳೇ ಹೊಸ ಹೆಸರು ಹೇಳಿಕೊಟ್ಟರು. ಯಾವ ಮಕ್ಕಳು ಚೆನ್ನಾಗಿ ಕಲಸಿ, ಹಿಸುಕಿ, ಚೆಲ್ಲಾಡಿದವೋ ಅವೇ ಹೆಸರುಗಳನ್ನು ಹೆಚ್ಚು ಚೆನ್ನಾಗಿ ಕಲಿತವು, ಅದರಲ್ಲೂ ದಿನಾ ಗಲೀಜು ಮಾಡಿ ಅಭ್ಯಾಸವಿದ್ದ ಊಟದ ಕುರ್ಚಿಯಲ್ಲೇ ಕೂತಿದ್ದಾಗ. ಸಾರು ಗಟ್ಟಿಯೋ ತೆಳ್ಳಗೋ ಅಂತ ನೋಡಿದರೆ ಗೊತ್ತಾಗುವುದಿಲ್ಲ, ಮುಟ್ಟಬೇಕು. ಕೈಯಲ್ಲಿ ಮುದ್ದೆ ಮುರಿದು ಉಣ್ಣುವ ನಾಡಿನವರಿಗೆ ಇದನ್ನು ಅಯೋವಾದವರು ಹೇಳಬೇಕಾಯಿತೇ!

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸ್ಥಿತಿವಂತರ ಮಾತಾಗುತ್ತದೆ. ಯಾಕೆಂದರೆ ಗಲೀಜಿಗೂ ಖರ್ಚಿದೆ. ಚೆಲ್ಲಲು ಮಿಕ್ಕುವಷ್ಟು ಅನ್ನ ಬೇಕು, ತೊಳೆಯಲು ನೀರು ಬೇಕು, ಬದಲಾಯಿಸಲು ಇನ್ನೊಂದು ಅಂಗಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅರ್ಧ ಗಂಟೆ ಸುಮ್ಮನೆ ಕೂರುವ ಒಬ್ಬ ಮನುಷ್ಯ ಬೇಕು. ಎಂಟು ಗಂಟೆಯ ಕಾರ್ಖಾನೆಯ ಬಸ್ಸು ಹಿಡಿಯಬೇಕಾದ ತಾಯಿಗೆ ಎರಡು ನಿಮಿಷದ ಕೈತುತ್ತೇ ಗತಿ. ಅವಳಿಗೆ ಪಾಠ ಹೇಳುವ ಅಧಿಕಾರ ನಮಗಿಲ್ಲ. ಹಳ್ಳಿಯ ಸಗಣಿ ಸಾರಿಸಿದ ನೆಲದಲ್ಲಿ ಚೆಲ್ಲಿದ ಅಗುಳಿಗೆ ಕೋಳಿ, ಕಾಗೆ ಕಾದು ಕೂತಿರುತ್ತಿದ್ದವು. ಬಾಡಿಗೆ ಮನೆಯ ಟೈಲ್ಸ್ ನೆಲದಲ್ಲಿ ಆ ಸೌಲಭ್ಯವೂ ಇಲ್ಲ.

ಪಟ್ಟಿಯ ಮಾತು ಅದಕ್ಕಿಂತ ದೊಡ್ಡದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ 67.1% ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಎರಡು ವರ್ಷದೊಳಗಿನವರಲ್ಲಿ ಸಾಕಷ್ಟು ಬಗೆಯ, ಸಾಕಷ್ಟು ಪ್ರಮಾಣದ ಊಟ ಸಿಗುತ್ತಿರುವುದು 11.3% ಮಕ್ಕಳಿಗೆ ಮಾತ್ರ. ಡೇವಿಸಳ ತಟ್ಟೆಯಲ್ಲಿ ಈಲಿ ಇತ್ತು, ಮೊಟ್ಟೆ ಇತ್ತು, ಮೂಳೆಯ ಮಜ್ಜೆ ಇತ್ತು. ನಮ್ಮ ಮಗುವಿನ ತಟ್ಟೆಯಲ್ಲಿ ಅನ್ನ ಮತ್ತು ತಿಳಿಸಾರು ಮಾತ್ರ ಇದ್ದರೆ, ಆರಿಸಿಕೋ ಅನ್ನುವುದಕ್ಕೆ ಅರ್ಥವೇನು? ಆ ತಟ್ಟೆಗೆ ಏನು ಬೀಳಬೇಕು ಅನ್ನುವುದನ್ನು ಮನೆಯವರು ಮಾತ್ರವಲ್ಲ, ಬೇರೆಯವರೂ ತೀರ್ಮಾನಿಸುತ್ತಾರೆ. 2021ರ ಕೊನೆಗೆ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಎದ್ದ ಗದ್ದಲ ನೆನಪಿರಬೇಕು. ಗದ್ದಲ ಮಾಡಿದವರಲ್ಲಿ ಹಸಿದವರು ಕಡಿಮೆ ಇದ್ದರು. ಮೊಟ್ಟೆ ಬೇಕು ಅಂತ ಕೈ ಎತ್ತಿದವರು ಮಕ್ಕಳೇ.

ಹಾಗಾಗಿ ಈ ನೂರು ವರ್ಷದ ಕಥೆಯಿಂದ ಮನೆಗೆ ತೆಗೆದುಕೊಂಡು ಹೋಗುವುದು ಇಷ್ಟೇ. ಅಜ್ಜಿಯ ಕೈತುತ್ತು ಇರಲಿ, ಒಳಲೆಯೂ ಇರಲಿ. ತಟ್ಟೆಗೆ ಮೊಳಕೆ ರಾಗಿಯದ್ದೋ, ಬೇಳೆಯದ್ದೋ, ಮೊಟ್ಟೆಯದ್ದೋ, ಸೊಪ್ಪಿನದ್ದೋ, ಮನೆಯ ರೂಢಿಗೆ ಒಗ್ಗುವ ಬಲವಾದ ಪದಾರ್ಥ ಬೀಳಲಿ. ಮಗು ನೆಟ್ಟಗೆ ಕೂತಿರಲಿ. ಕಡಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ದೂರ ಇರಲಿ, ಕಣ್ಣು ಮಾತ್ರ ಮಗುವಿನ ಮೇಲೆ ಇರಲಿ. ಆಮೇಲೆ ಒಂದು ಮೆತ್ತಗಿನ ಇಡ್ಲಿ ತುಂಡನ್ನೋ ಕಳಿತ ಬಾಳೆಹಣ್ಣನ್ನೋ ಅದರ ಕೈಗೇ ಕೊಟ್ಟು, ಮುಖ ತಿರುಗಿಸಿದರೆ ತಟ್ಟೆ ಎತ್ತಿಬಿಡಿ. ಇನ್ನೊಂದು ತುತ್ತು ಕಾಗೆಗೆ ಅಂತ ಸುಳ್ಳು ಹೇಳಿ ತುರುಕಬೇಡಿ. ದಿನಕ್ಕೆ ಮೂರು ಹೊತ್ತೂ ಆಗದಿದ್ದರೆ ಬೇಡ, ಭಾನುವಾರ ಒಂದು ಹೊತ್ತಾದರೂ ಸಾಕು. ಕೆಳಗೆ ಒಂದು ಹಳೇ ಸೀರೆ ಹಾಸಿಕೊಂಡರೆ ಒರೆಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ.